ಪಾಕ ಕುಡಿಯುವ ಕೇಕು

ಅನಾನಸ್ ಅಥವಾ ಮಾವಿನ ಹೋಳುಗಳನ್ನು ಸೇರಿಸಿ, ಒಬ್ಬೊಬ್ಬರಿಗೆ ಒಂದೊಂದರಂತೆ ಪುಟ್ಟ ಅಚ್ಚುಗಳಲ್ಲಿ ಬೇಯಿಸಿ, ಬಳಿಕ ಸಕ್ಕರೆಯ ಪಾಕದಲ್ಲಿ ನೆನೆಸಿದ ಕೇಕುಗಳಲ್ಲಿ ಕೆಲವು ನಡುಭಾಗದವರೆಗೂ ರಸ ತುಂಬಿಕೊಂಡಿರುತ್ತವೆ. ಕೆಲವು ಹೊರಗೆ ಅಂಟಂಟಾಗಿ, ಒಳಗೆ ಒಣಗಿಯೇ ಉಳಿಯುತ್ತವೆ. ಹಿಟ್ಟು, ಸಕ್ಕರೆ, ಹಣ್ಣು ಎಲ್ಲವೂ ಒಂದೇ ಆಗಿದ್ದರೂ ಹೀಗಾಗುವುದುಂಟು. ಇದಕ್ಕೆ ಕೈಗುಣವೇ ಕಾರಣವೆಂದು ಹೇಳಿ ಸುಮ್ಮನಾಗುವವರು ಬಹಳ. ಆದರೆ ಭೌತಶಾಸ್ತ್ರದ ವಿದ್ಯಾರ್ಥಿಗೆ ಅಷ್ಟರಿಂದಲೇ ತೃಪ್ತಿಯಾಗಲಾರದು.

ಮೊದಲು ಕೇಕಿನ ರಚನೆಯನ್ನು ನೋಡೋಣ. ಕಲಸಿದ ಹಿಟ್ಟು ಓವನ್ನಿನಲ್ಲಿ ಕಾದಂತೆ ಅದರಲ್ಲಿರುವ ಗಾಳಿ, ಬೇಕಿಂಗ್ ಪೌಡರಿನಿಂದ ಹುಟ್ಟಿದ ಇಂಗಾಲದ ಡೈಆಕ್ಸೈಡು ಮತ್ತು ನೀರಾವಿ ಇವೆಲ್ಲವೂ ಹಿಗ್ಗುತ್ತವೆ. ಅದೇ ವೇಳೆಗೆ ಮೊಟ್ಟೆಯ ಪ್ರೋಟೀನು ಗಟ್ಟಿಯಾಗಿ, ಹಿಟ್ಟಿನ ಪಿಷ್ಟವು ನೀರು ಹೀರಿ ಉಬ್ಬಿ, ಗುಳ್ಳೆಗಳ ಸುತ್ತ ಗೋಡೆಗಳು ನಿಲ್ಲುತ್ತವೆ. ಈ ಗೋಡೆಗಳು ಅಲ್ಲಲ್ಲಿ ಒಡೆದಿರುವುದರಿಂದ ಗುಳ್ಳೆಗೂ ಗುಳ್ಳೆಗೂ ದಾರಿಯುಂಟು. ಆದ ಕಾರಣ ಬೆಂದ ಕೇಕು ಸಹಸ್ರಾರು ಸೂಕ್ಷ್ಮನಾಳಗಳ ಒಂದು ಜಾಲವೆನ್ನಬಹುದು.

ಕೂದಲೆಳೆಯಷ್ಟು ಕಿರಿದಾದ ಗಾಜಿನ ನಾಳವನ್ನು ನೀರಿನಲ್ಲಿ ನಿಲ್ಲಿಸಿದರೆ ನೀರು ತಾನಾಗಿಯೇ ಮೇಲೇರುತ್ತದೆ. ಇದೇ ಲೋಮನಾಳ ಕ್ರಿಯೆ. ಪಾಕವು ಕೇಕಿನೊಳಕ್ಕೆ ಹೋಗುವುದೂ ಮುಖ್ಯವಾಗಿ ಇದರಿಂದಲೇ. ಇದರ ವೇಗದ ನಿಯಮವನ್ನು 1918ರಲ್ಲಿ ಲೂಕಾಸ್, 1921ರಲ್ಲಿ ವಾಶ್‌ಬರ್ನ್ ಎಂಬ ವಿಜ್ಞಾನಿಗಳು ನಿರೂಪಿಸಿದರು: ದ್ರವವು ಕ್ರಮಿಸಿದ ದೂರದ ವರ್ಗವು ಕಾಲಕ್ಕೆ ಅನುಪಾತದಲ್ಲಿರುತ್ತದೆ. ಅಂದರೆ ಮೊದಲ ಒಂದು ಸೆಂಟಿಮೀಟರಿಗೆ ಒಂದು ನಿಮಿಷ ಹಿಡಿದರೆ, ಎರಡು ಸೆಂಟಿಮೀಟರಿಗೆ 4 ನಿಮಿಷವೂ ಮೂರಕ್ಕೆ 9 ನಿಮಿಷವೂ ಬೇಕು. ಕೇಕಿನ ನಾಳಗಳು ಅಂಕುಡೊಂಕಾದರೂ ಸ್ಥೂಲವಾಗಿ ಈ ನಿಯಮವು ಅಲ್ಲಿಯೂ ಅನ್ವಯಿಸುತ್ತದೆ.

ಪುಟ್ಟ ಅಚ್ಚಿನ ಗುಟ್ಟು ಇಲ್ಲಿದೆ. 12 ಸೆಂಟಿಮೀಟರ್ ಬದಿಯುಳ್ಳ ಘನಾಕಾರದ ಒಂದು ಕೇಕನ್ನು 6 ಸೆಂಟಿಮೀಟರ್ ಬದಿಯ ಎಂಟು ಕೇಕುಗಳಾಗಿ ಮಾಡಿದೆವೆನ್ನೋಣ. ಒಟ್ಟು ಗಾತ್ರವು ಮೊದಲಿನಂತೆಯೇ 1728 ಘನ ಸೆಂಟಿಮೀಟರ್. ಆದರೆ ಮೇಲ್ಮೈ 864ರಿಂದ 1728 ಚದರ ಸೆಂಟಿಮೀಟರಿಗೆ ಏರಿ ಇಮ್ಮಡಿಯಾಗುತ್ತದೆ. ನಡುವಿಗೆ ಇರುವ ದೂರ ಅರ್ಧವಾಗುವುದರಿಂದ ಅಲ್ಲಿಗೆ ಪಾಕ ಮುಟ್ಟುವ ಕಾಲವು ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಇನ್ನು ಪಾಕದ ಹದ. ದ್ರವದ ಹರಿವನ್ನು ತಡೆಯುವ ಗುಣಕ್ಕೆ ಸ್ನಿಗ್ಧತೆಯೆಂದು ಹೆಸರು. ಸ್ನಿಗ್ಧತೆ ಎಷ್ಟು ಪಟ್ಟು ಹೆಚ್ಚುವುದೋ, ನೆನೆಯುವ ಕಾಲವೂ ಸುಮಾರಾಗಿ ಅಷ್ಟೇ ಪಟ್ಟು ಹೆಚ್ಚುತ್ತದೆ. 20 ಡಿಗ್ರಿ ಸೆಲ್ಸಿಯಸಿನಲ್ಲಿ ತೂಕದ ಶೇಕಡಾ 40 ಸಕ್ಕರೆಯಿರುವ ಪಾಕದ ಸ್ನಿಗ್ಧತೆ ನೀರಿನ ಸುಮಾರು 6 ಪಟ್ಟು. ಶೇಕಡಾ 50ಕ್ಕೆ 15 ಪಟ್ಟು. ಶೇಕಡಾ 60ಕ್ಕೆ ಸುಮಾರು 58 ಪಟ್ಟು! ಆದರೆ ಈ ಕೊನೆಯ ಪಾಕವನ್ನೇ 80 ಡಿಗ್ರಿಗೆ ಕಾಯಿಸಿದರೆ ಅದರ ಸ್ನಿಗ್ಧತೆ ಹತ್ತರಲ್ಲೊಂದು ಪಾಲಿಗೆ ಇಳಿದುಬಿಡುತ್ತದೆ. ತಣ್ಣಗಿನ ಗಟ್ಟಿ ಪಾಕವು ಕೇಕಿನ ಹೊರಮೈಯಲ್ಲೇ ಅಂಟಿ ನಿಲ್ಲುವುದೇಕೆಂಬುದು ಈಗ ಸ್ಪಷ್ಟವಾಯಿತಷ್ಟೆ. ಹಾಗೆಂದು ಪಾಕವನ್ನು ತೀರ ನೀರಾಗಿಸಿದರೆ ಸಿಹಿ ಸಾಲದು, ಕೇಕೂ ಮುದ್ದೆಯಾಗುತ್ತದೆ. ಸಮತೂಕದ ಸಕ್ಕರೆ ಮತ್ತು ನೀರು ನಡುವಣ ಹದ.

ಬಿಸಿ ಕೇಕಿಗೆ ಇನ್ನೊಂದು ಬಲವೂ ಸಹಾಯಕ್ಕೆ ಬರುತ್ತದೆ. 95 ಡಿಗ್ರಿಯಲ್ಲಿ ಪರ್ಯಾಪ್ತ ನೀರಾವಿಯ ಒತ್ತಡ ಸುಮಾರು 634 ಮಿಲಿಮೀಟರ್ ಪಾದರಸ. ವಾಯುಮಂಡಲದ ಒತ್ತಡವೇ 760. ಎಂದರೆ ಆಗತಾನೆ ಬೆಂದ ಕೇಕಿನ ಗುಳ್ಳೆಗಳಲ್ಲಿ ಬಹುಪಾಲು ನೀರಾವಿಯೇ ಇರುತ್ತದೆ. 30 ಡಿಗ್ರಿಗೆ ತಣಿದಾಗ ಅದರ ಒತ್ತಡ ಕೇವಲ 32 ಮಿಲಿಮೀಟರಿಗೆ ಇಳಿಯುತ್ತದೆ. ಆವಿ ಸಾಂದ್ರೀಕರಿಸಿ ನೀರಾದಂತೆ ಹೊರಗಿನ ಒತ್ತಡವು ಪಾಕವನ್ನು ಒಳಕ್ಕೆ ತಳ್ಳುತ್ತದೆ. ಆದರೆ ಬಿಸಿ ಕೇಕಿನ ಗೋಡೆಗಳು ಇನ್ನೂ ಮೆತ್ತಗಿರುವುದರಿಂದ ಕುದಿಯುವ ಪಾಕ ಸುರಿದರೆ ಕುಸಿಯಬಹುದು. ಆದುದರಿಂದ ಕೇಕು ಬಿಸಿಯಾಗಿದ್ದರೆ ಪಾಕ ಉಗುರುಬೆಚ್ಚಗಿರಲಿ. ಕೇಕು ತಣಿದಿದ್ದರೆ ಪಾಕ ಬಿಸಿಯಾಗಿರಲಿ.

ಹಣ್ಣಿನ ಮಾತೂ ಉಂಟು. ಅನಾನಸ್ಸಿನ ತೂಕದಲ್ಲಿ ಶೇಕಡಾ 86ರಷ್ಟು ನೀರೇ. ಹಸಿ ಹೋಳುಗಳನ್ನು ಹಾಗೆಯೇ ಹಾಕಿದರೆ ಬೇಯುವಾಗ ನೀರೊಡೆದು ಸುತ್ತಲಿನ ಹಿಟ್ಟು ಜಿಗುಟಾಗುತ್ತದೆ. ಮೊದಲೇ ಸಕ್ಕರೆ ಬೆರೆಸಿಟ್ಟರೆ ಅಭಿಸರಣೆಯಿಂದ ಹಣ್ಣಿನ ಜೀವಕೋಶಗಳೊಳಗಿನ ನೀರು ಹೊರಬರುತ್ತದೆ. ಹೋಳುಗಳು ಕೇಕಿಗೂ, ಆ ರಸ ಪಾಕಕ್ಕೂ ಸಲ್ಲುತ್ತವೆ.

ಓವನ್ ಇಲ್ಲದ ವಿದ್ಯಾರ್ಥಿಗಳೂ ಈ ನಿಯಮವನ್ನು ಪರೀಕ್ಷಿಸಬಹುದು. ಒತ್ತುಕಾಗದದ ಮೂರು ಸಮನಾದ ಪಟ್ಟಿಗಳ ತುದಿಗಳನ್ನು ನೀರು, ಶೇಕಡಾ 40ರ ಪಾಕ, ಶೇಕಡಾ 60ರ ಪಾಕ ಇವುಗಳಲ್ಲಿ ಅದ್ದಿ, 1, 4 ಮತ್ತು 9 ನಿಮಿಷಗಳಲ್ಲಿ ದ್ರವ ಏರಿದ ದೂರವನ್ನು ಗುರುತಿಸಿರಿ. ದೂರದ ವರ್ಗವನ್ನು ಕಾಲದೆದುರು ನಕ್ಷೆಯಲ್ಲಿ ಬರೆಯಿರಿ. ಮೂರು ಗೆರೆಗಳ ಇಳಿಜಾರು ಹೇಗೆ ಬೇರೆಯಾಗುವುದೆಂಬುದನ್ನು ನೋಡಿ, ಬಳಿಕ ಪಾಕವನ್ನು ಬಿಸಿ ಮಾಡಿ ಪುನಃ ಅಳೆಯಿರಿ.