ಕಥೆಯನ್ನು ನಡೆಸಿದ ಹಾಡುಗಳು



ಹತ್ತನೆಯ ತರಗತಿಯ ಪರೀಕ್ಷೆ ಸಮೀಪಿಸಿತೆಂದರೆ ವೇಳಾಪಟ್ಟಿಯಿಂದ ಮೊಟ್ಟಮೊದಲು ಅಳಿಸಲ್ಪಡುವ ಪಾಠವು ಸಂಗೀತದ್ದೇ ಎಂಬುದು ನಿಮಗೆಲ್ಲರಿಗೂ ತಿಳಿದ ಸಂಗತಿ. “ಹಾಡಿನಿಂದ ಹೊತ್ತು ಹಾಳು, ಮುಖ್ಯ ವಿಷಯಗಳಿಗೆ ಅಡ್ಡಿ” ಎಂಬ ಮಾತನ್ನು ಸಂಗೀತದ ಉಪಾಧ್ಯಾಯಿನಿಯಾದ ನಾನು ಅನೇಕಾವರ್ತಿ ಕೇಳಿದ್ದೇನೆ. ಇದೇ ಆಕ್ಷೇಪಣೆಯನ್ನು ಲೋಕಪ್ರಸಿದ್ಧವಾದ ಎರಡು ಮಕ್ಕಳ ಚಲಚ್ಚಿತ್ರಗಳ ವಿಷಯದಲ್ಲಿಯೂ, ಐವತ್ತು ವರುಷಗಳ ಅಂತರದಲ್ಲಿ, ಬಲ್ಲವರೇ ಎತ್ತಿದ್ದರು. ಎರಡು ಸಾರಿಯೂ ಒಬ್ಬ ಹುಡುಗಿಯ ಹಾಡು ಕತ್ತರಿಯ ಬಾಯಿಗೆ ಸಿಕ್ಕಿ ಉಳಿದುಕೊಂಡಿತು. ಆ ವೃತ್ತಾಂತವನ್ನು ತಿಳಿಸುವ ನಿಮಿತ್ತದಿಂದ, ಬರೆದ ಚಿತ್ರಗಳ ಹಾಗೂ ಮನೆಮಂದಿಯೆಲ್ಲ ಕೂಡಿ ನೋಡುವ ಚಿತ್ರಗಳ ಸಂಗೀತವು ನಡೆದುಬಂದ ದಾರಿಯ ಕೆಲವು ಮೈಲುಗಲ್ಲುಗಳನ್ನು ಇಲ್ಲಿ ಕ್ರಮವಾಗಿ ತೋರಿಸುವೆನು.

೧. ತಾಳಕ್ಕೆ ಸರಿಯಾಗಿ ಬರೆದ ಚಿತ್ರ

ಕಾರ್ಟೂನು ಚಿತ್ರಗಳಿಗೆ ಧ್ವನಿಯನ್ನು ಕೂಡಿಸುವ ಪ್ರಯತ್ನವು ೧೯೨೦ರ ದಶಕದ ನಡುವಿನಲ್ಲಿಯೇ ಅಮೇರಿಕದಲ್ಲಿ ಆರಂಭವಾಗಿತ್ತು. ಫ್ಲೈಷರ್ ಸಹೋದರರು ಪರದೆಯ ಮೇಲೆ ಹಾಡಿನ ಪದಗಳನ್ನು ಮೂಡಿಸಿ, ಅವುಗಳ ಮೇಲೆ ಒಂದು ಚೆಂಡು ಕುಣಿಯುತ್ತ ಹೋಗುವಂತೆ ಮಾಡಿ, ಸಭಿಕರನ್ನು ಹಾಡಿಸುತ್ತಿದ್ದರು. ಆದರೆ ಚಿತ್ರದ ಒಂದೊಂದು ಚಲನೆಯೂ ಸಂಗೀತದ ಒಂದೊಂದು ಪೆಟ್ಟಿಗೆ ಒಪ್ಪುವಂತೆ ಆದಿಯಿಂದ ಅಂತ್ಯದ ವರೆಗೆ ರಚಿಸಿ ಜನರನ್ನು ಬೆರಗುಗೊಳಿಸಿದ್ದು ವಾಲ್ಟ್ ಡಿಸ್ನಿಯವರ ‘ಸ್ಟೀಮ್‌ಬೋಟ್ ವಿಲ್ಲಿ’. ಇದು ೧೯೨೮ನೆಯ ನವೆಂಬರ್ ೧೮ರಂದು ನ್ಯೂಯಾರ್ಕಿನ ಕಾಲೊನಿ ಥಿಯೇಟರಿನಲ್ಲಿ ತೋರಿಸಲ್ಪಟ್ಟಿತು.

ಇದರ ಗುಟ್ಟು ಬರಿಯ ಗಣಿತವಾಗಿತ್ತು. ವಾಕ್ಚಿತ್ರದ ಸುರುಳಿಯು ಕ್ಷಣವೊಂದಕ್ಕೆ, ಅಂದರೆ ಒಂದು ಸೆಕೆಂಡಿಗೆ, ೨೪ ಚಿತ್ರಗಳಂತೆ ಓಡುತ್ತದೆ. ೧೨ ಚಿತ್ರಗಳಿಗೊಂದು ತಾಳದ ಪೆಟ್ಟನ್ನು ಇಟ್ಟರೆ ಸೆಕೆಂಡಿಗೆ ಎರಡು, ನಿಮಿಷಕ್ಕೆ ೧೨೦ ಪೆಟ್ಟುಗಳಾಗುವವು. ಮೊದಲನೆಯ ಪೆಟ್ಟು ಒಂದನೆಯ ಚಿತ್ರದಲ್ಲಿ ಬಿದ್ದರೆ ಎರಡನೆಯದು ಹದಿಮೂರನೆಯದರಲ್ಲಿ, ಮೂರನೆಯದು ಇಪ್ಪತ್ತೈದನೆಯದರಲ್ಲಿ ಬೀಳಬೇಕು. ಮೂರನೆಯ ಪೆಟ್ಟಿಗೆ ಪಾತ್ರೆಯನ್ನು ಬಾರಿಸಬೇಕಾಗಿದ್ದರೆ, ಕೋಲು ಪಾತ್ರೆಗೆ ತಗಲುವುದನ್ನು ಚಿತ್ರಕಾರನು ಸರಿಯಾಗಿ ಇಪ್ಪತ್ತೈದನೆಯ ಹಾಳೆಯಲ್ಲಿಯೇ ಬರೆಯತಕ್ಕದ್ದು. ಈ ಲೆಕ್ಕವನ್ನು ಹೊಂದಿಸಿಕೊಟ್ಟವನು ವಿಲ್ಫ್ರೆಡ್ ಜಾಕ್ಸನ್ ಎಂಬ ಯುವಕ ಚಿತ್ರಕಾರ. ಆತನ ತಾಯಿ ಸಂಗೀತವನ್ನು ಕಲಿಸುವವಳಾಗಿದ್ದುದರಿಂದ ಮೆಟ್ರೊನೋಮ್ ಎಂಬ ತಾಳಯಂತ್ರದ ಉಪಯೋಗವು ಆತನಿಗೆ ತಿಳಿದಿತ್ತು. ತಾಯಿಯಿಂದ ದೊರೆತ ಆ ಅಲ್ಪ ತಿಳಿವಳಿಕೆಯ ಮೇಲೆ ಒಂದು ದೊಡ್ಡ ಕಲೆಯ ಅಸ್ತಿವಾರವು ಹಾಕಲ್ಪಟ್ಟಿತೆಂದು ಹೇಳಿದರೆ ತಪ್ಪಾಗದು.

ಮರುವರುಷ, ೧೯೨೯ರಲ್ಲಿ, ‘ದ ಸ್ಕೆಲಿಟನ್ ಡಾನ್ಸ್’ ಎಂಬ ಕಿರುಚಿತ್ರವು ಬಂತು. ಮೂಕಚಿತ್ರಗಳ ಕಾಲದಲ್ಲಿ ಕಾನ್ಸಾಸ್ ಪಟ್ಟಣದ ಥಿಯೇಟರುಗಳಲ್ಲಿ ಆರ್ಗನ್ ಬಾರಿಸುತ್ತಿದ್ದ ಕಾರ್ಲ್ ಸ್ಟಾಲಿಂಗ್ ಎಂಬವರು ಚಿತ್ರಕ್ಕೆ ಸಂಗೀತವನ್ನು ಹೊಲಿಯುವುದಕ್ಕಿಂತ ಸಂಗೀತಕ್ಕೆ ಚಿತ್ರವನ್ನು ಹೊಲಿಯುವುದು ಮೇಲೆಂದು ಸೂಚಿಸಿದ್ದರು. ಅದರಂತೆ ಇಲ್ಲಿ ರಾಗವು ಯಜಮಾನಿಯಾಯಿತು, ಚಿತ್ರವು ಅದನ್ನು ಹಿಂಬಾಲಿಸಿತು.

೨. ಹಾಡು ಮನೆಮನೆಗೆ ಹೋದದ್ದು

೧೯೩೩ರಲ್ಲಿ ಅಮೇರಿಕದ ದುಡಿಯುವ ಜನರಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ಕೆಲಸವಿಲ್ಲದೆ ಕುಳಿತಿತ್ತು. ಆ ವರುಷದ ಮೇ ತಿಂಗಳಲ್ಲಿ ಬಂದ ‘ತ್ರೀ ಲಿಟಲ್ ಪಿಗ್ಸ್’ ಎಂಬ ಚಿಕ್ಕ ಚಿತ್ರದಲ್ಲಿ, ತೋಳಕ್ಕೆ ಹೆದರಲಾರೆವೆಂದು ಹಂದಿಮರಿಗಳು ಹಾಡುವ ಹಾಡೊಂದಿದೆ. ಫ್ರಾಂಕ್ ಚರ್ಚಿಲ್ ಅದರ ರಾಗವನ್ನು ಕಟ್ಟಿದರು; ಪದಗಳಿಗೆ ಆನ್ ರೋನೆಲ್ ಎಂಬ ಮಹಿಳೆಯೂ ಕೈಗೂಡಿಸಿದರು. ಬಡತನವೆಂಬ ತೋಳವನ್ನು ಬಾಗಿಲಲ್ಲಿ ಕಂಡ ಜನರು ಅದನ್ನು ತಮ್ಮದೇ ಹಾಡೆಂದು ತಿಳಿದು ಬೀದಿಬೀದಿಗಳಲ್ಲಿ ಹಾಡಿದರು.

೧೯೩೭ನೆಯ ದಶಂಬರ ೨೧ರಂದು ಲಾಸ್ ಏಂಜಲಿಸಿನಲ್ಲಿ ‘ಸ್ನೋ ವೈಟ್ ಮತ್ತು ಏಳು ಕುಳ್ಳರು’ ಎಂಬ ಪೂರ್ಣ ಪ್ರಮಾಣದ ಚಿತ್ರವು ಮೊದಲ ಬಾರಿಗೆ ಪ್ರದರ್ಶಿತವಾಯಿತು. ಇಲ್ಲಿ ರಾಜಕುಮಾರಿಯು ಬಾವಿಯ ಬಳಿಯಲ್ಲಿ ತನ್ನ ಆಸೆಯನ್ನು ಹಾಡಿನಲ್ಲಿಯೇ ತಿಳಿಸುವಳು. ಕುಳ್ಳರು ಕೆಲಸದ ಲಯವನ್ನು ಹಾಡಿನಲ್ಲಿಯೇ ಹಿಡಿಯುವರು. ಕಥೆಯು ನಿಂತು ಹಾಡು ಬರುವುದಲ್ಲ, ಹಾಡಿನೊಳಗೆ ಕಥೆಯು ನಡೆಯುವುದು. ೧೯೩೮ನೆಯ ಜನವರಿಯಲ್ಲಿ ಈ ಚಿತ್ರದ ಹಾಡುಗಳು ಚಿತ್ರದ ಧ್ವನಿಯಿಂದಲೇ ತೆಗೆಯಲ್ಪಟ್ಟು ಗ್ರಾಮೋಫೋನ್ ತಟ್ಟೆಗಳ ಸಂಪುಟವಾಗಿ ಮಾರಾಟಕ್ಕೆ ಬಂದವು. ಚಲಚ್ಚಿತ್ರ ಸಂಗೀತದ ಇಂಥ ಸಂಪುಟಗಳಲ್ಲಿ ಇದನ್ನೇ ಮೊದಲನೆಯದೆಂದು ಎಣಿಸುತ್ತಾರೆ.

ಇಷ್ಟು ಕೀರ್ತಿಯ ನಡುವೆ ಒಂದು ವಿಷಾದದ ಸಂಗತಿಯನ್ನು ಮರೆಯಬಾರದು. ರಾಜಕುಮಾರಿಗೆ ಕಂಠವನ್ನು ಕೊಟ್ಟ ಏಡ್ರಿಯಾನ ಕ್ಯಾಸೆಲೋಟಿ ಎಂಬ ತರುಣಿಯ ಹೆಸರು ಪರದೆಯ ಮೇಲೆ ಬರಲೇ ಇಲ್ಲ. ಡಿಸ್ನಿ ಸಂಸ್ಥೆಯು ಆಕೆಯನ್ನು ತನ್ನ ಗೌರವಪಟ್ಟಿಗೆ ಸೇರಿಸಿಕೊಂಡದ್ದು ೧೯೯೪ರಲ್ಲಿ, ಆಕೆ ವೃದ್ಧೆಯಾದ ಬಳಿಕ. ನಮ್ಮ ದೇಶದಲ್ಲಿಯೂ ೧೯೪೯ರ ‘ಮಹಲ್’ ಎಂಬ ಹಿಂದೀ ಚಿತ್ರದ ಹೆಸರಾಂತ ಹಾಡಿನ ತಟ್ಟೆಯ ಮೇಲೆ ಲತಾ ಮಂಗೇಶ್ಕರರ ಹೆಸರಿಗೆ ಪ್ರತಿಯಾಗಿ ಕಥೆಯ ಪಾತ್ರವಾದ ಕಾಮಿನಿಯ ಹೆಸರೇ ಅಚ್ಚಾಗಿತ್ತು. ಕಂಠವನ್ನು ಲೋಕವೆಲ್ಲ ಕೇಳಿತು; ಕಂಠದ ಒಡತಿಯನ್ನು ವಿಚಾರಿಸಿದವರು ವಿರಳ.

೩. ಮೊದಲನೆಯ ಕತ್ತರಿ

೧೯೩೯ರಲ್ಲಿ ‘ದ ವಿಜರ್ಡ್ ಆಫ್ ಓಜ್’ ಎಂಬ ಚಿತ್ರವು ಸಿದ್ಧವಾಯಿತು. ಅದರ ಆರಂಭದಲ್ಲಿ ಕಾನ್ಸಾಸ್ ಸೀಮೆಯ ಬಡ ಹೊಲಮನೆಯ ಹುಡುಗಿ ಡೊರೋತಿ, ಯಾರೂ ತನ್ನ ಮಾತಿಗೆ ಕಿವಿಗೊಡದೆ ಹೋದಾಗ, ಕಾಮನಬಿಲ್ಲಿನ ಆಚೆಯ ನಾಡನ್ನು ನೆನೆದು ಹಾಡುವಳು. ರಾಗವು ಹೆರಾಲ್ಡ್ ಆರ್ಲೆನರದು, ಪದಗಳು ಯಿಪ್ ಹಾರ್ಬರ್ಗರವು. ಹಾಡಿದವಳು ಹದಿನಾರರ ಪ್ರಾಯದ ಜೂಡಿ ಗಾರ್ಲೆಂಡ್. ಬಿಡುಗಡೆಗೆ ಮುಂಚಿನ ಪರೀಕ್ಷಾಪ್ರದರ್ಶನವಾದ ಮೇಲೆ, ಈ ಹಾಡು ಕಥೆಯ ಓಟಕ್ಕೆ ಅಡ್ಡಿಯೆಂಬ ಕಾರಣದಿಂದ ತೆಗೆದುಹಾಕಲ್ಪಟ್ಟಿತು. ಆರ್ಥರ್ ಫ್ರೀಡ್ ಮುಂತಾದವರು ಹಟಹಿಡಿದು ಅದನ್ನು ಪುನಃ ಸೇರಿಸಿದರು. ಮುಂದಿನ ವರುಷ ಅದೇ ಹಾಡು ಶ್ರೇಷ್ಠ ಗೀತೆಯೆಂದು ಅಕಾಡೆಮಿ ಪಾರಿತೋಷಕವನ್ನು ಪಡೆಯಿತು.

ವಿಚಾರಮಾಡಿ ನೋಡಿರಿ. ಆ ಹಾಡಿಲ್ಲದೆ ಹೋಗಿದ್ದರೆ ಡೊರೋತಿಯನ್ನು ಬಿರುಗಾಳಿಯು ಎತ್ತಿಕೊಂಡು ಹೋಯಿತೆಂದಷ್ಟೇ ನಾವು ಕಾಣುತ್ತಿದ್ದೆವು. ಹಾಡು ಇದ್ದುದರಿಂದ, ಗಾಳಿ ಬೀಸುವುದಕ್ಕೆ ಮೊದಲೇ ಅವಳ ಮನಸ್ಸು ಹೊರಟುಹೋಗಿತ್ತೆಂದು ತಿಳಿಯುತ್ತೇವೆ. ಅವಳು ಕಡೆಗೆ ಮನೆಗೆ ಹಿಂತಿರುಗುವುದಕ್ಕೆ ಬೆಲೆ ಬರುವುದೂ ಈ ಕಾರಣದಿಂದಲೇ.

೪. ಮಹಾಸಂಗೀತವೂ ಸಕ್ಕರೆಯ ತುಂಡೂ

೧೯೪೦ರ ‘ಪಿನೋಕಿಯೋ’ ಚಿತ್ರದಿಂದ ಮೊದಲ ಬಾರಿಗೆ ಬರೆದ ಚಿತ್ರವೊಂದರ ಹಾಡಿಗೆ ಅಕಾಡೆಮಿ ಪಾರಿತೋಷಕವು ದೊರೆಯಿತು. ಅದೇ ವರುಷದ ನವೆಂಬರ್ ೧೩ರಂದು ‘ಫಾಂಟೇಸಿಯ’ ಪ್ರದರ್ಶಿತವಾಯಿತು. ಹನ್ನೆರಡು ವರುಷ ಮುಂಚೆ ‘ಸ್ಟೀಮ್‌ಬೋಟ್ ವಿಲ್ಲಿ’ಯನ್ನು ತೋರಿಸಿದ ಥಿಯೇಟರೇ ಹೆಸರು ಬದಲಾಯಿಸಿಕೊಂಡು ಇದಕ್ಕೂ ನೆರಳಾಯಿತು. ಲಿಯೊಪೋಲ್ಡ್ ಸ್ಟೊಕೋವ್ಸ್ಕಿಯವರ ನಾಯಕತ್ವದಲ್ಲಿ ಬಾಖ್, ಬೀತೋವನ್, ಚೈಕೋವ್ಸ್ಕಿ ಮೊದಲಾದವರ ಕೃತಿಗಳನ್ನು ನುಡಿಸಿ, ಆ ನಾದವು ಸಭಾಗೃಹದ ನಾನಾ ದಿಕ್ಕುಗಳಿಂದ ಕೇಳಿಬರುವಂತೆ ‘ಫಾಂಟಸೌಂಡ್’ ಎಂಬ ಹೊಸ ಏರ್ಪಾಡನ್ನು ಮಾಡಿದ್ದರು. ಈ ಏರ್ಪಾಡಿಗೆ ತಗಲುವ ವೆಚ್ಚವು ಅತಿಯಾದುದರಿಂದಲೂ, ಯುದ್ಧದ ದೆಸೆಯಿಂದ ಯೂರೋಪಿನ ಮಾರುಕಟ್ಟೆ ಮುಚ್ಚಿದುದರಿಂದಲೂ ಚಿತ್ರವು ಆಗ ನಷ್ಟವನ್ನೇ ಕಂಡಿತು. ಆದರೂ ಇಂದಿನ ಥಿಯೇಟರುಗಳಲ್ಲಿ ಸುತ್ತಲಿಂದ ಕೇಳಿಬರುವ ಧ್ವನಿಗೆ ಅದು ಮುನ್ಸೂಚನೆಯಾಗಿತ್ತು.

೧೯೬೪ರ ‘ಮೇರಿ ಪಾಪಿನ್ಸ್’ ಚಿತ್ರಕ್ಕೆ ರಾಬರ್ಟ್ ಮತ್ತು ರಿಚರ್ಡ್ ಶರ್ಮನ್ ಎಂಬ ಸಹೋದರರು ಹಾಡುಗಳನ್ನು ಕಟ್ಟಿದರು. ಒಂದು ಹಾಡಿಗೆ ಪಲ್ಲವಿ ಸಿಕ್ಕದೆ ಅವರು ತೊಳಲುತ್ತಿದ್ದಾಗ, ಶಾಲೆಯಿಂದ ಬಂದ ರಾಬರ್ಟರ ಮಗನು ಅಂದು ಪೋಲಿಯೋ ಔಷಧವನ್ನು ತೆಗೆದುಕೊಂಡೆನೆಂದು ಹೇಳಿದನು. ನೋವಾಯಿತೇ ಎಂದು ತಂದೆ ಕೇಳಲು, ಸಕ್ಕರೆಯ ತುಂಡಿನ ಮೇಲೆ ಹನಿಸಿ ಕೊಟ್ಟರೆಂದು ಉತ್ತರ ಬಂತು. ಸಕ್ಕರೆಯಿಂದ ಔಷಧವು ಸಲೀಸಾಗಿ ಇಳಿಯುವುದೆಂಬ ಹಾಡು ಹೀಗೆ ಹುಟ್ಟಿತು. ಮರುವರುಷ ಬಂದ ‘ದ ಸೌಂಡ್ ಆಫ್ ಮ್ಯೂಸಿಕ್’ ಚಿತ್ರದಲ್ಲಿ ಏಳು ಮಂದಿ ಮಕ್ಕಳು ಸ್ವರಗಳ ಹೆಸರುಗಳನ್ನು ಹಾಡಿನ ಮೂಲಕವೇ ಕಲಿಯುವರು. ಸರಿಗಮವನ್ನು ಸರಳೆವರಸೆಯಿಂದ ಆರಂಭಿಸಿದ ನಮ್ಮ ವಿದ್ಯಾರ್ಥಿನಿಯರಿಗೆ ಅದರ ಸವಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

೫. ಎರಡನೆಯ ಕತ್ತರಿ

ತರುವಾಯದ ವರುಷಗಳಲ್ಲಿ ಬರೆದ ಚಿತ್ರಗಳ ಸಂಗೀತವು ಸ್ವಲ್ಪ ಕಳೆಗುಂದಿತು. ಅದಕ್ಕೆ ಮರುಜೀವವನ್ನು ಕೊಟ್ಟವರು ನ್ಯೂಯಾರ್ಕಿನ ನಾಟಕರಂಗದಿಂದ ಬಂದ ಗೀತಕಾರ ಹವರ್ಡ್ ಆಶ್‌ಮನ್ ಹಾಗೂ ರಾಗಸಂಯೋಜಕ ಅಲೆನ್ ಮೆಂಕನ್. ನಾಯಕಿಯು ತನಗೆ ಏನು ಬೇಕೆಂಬುದನ್ನು ಕಥೆಯ ಆರಂಭದಲ್ಲಿಯೇ ಹಾಡತಕ್ಕದ್ದು, ಆಗ ಮಾತ್ರ ಸಭಿಕರು ಅವಳ ಸಂಗಡ ನಡೆಯುವರೆಂಬುದು ಆಶ್‌ಮನ್ನರ ಸಿದ್ಧಾಂತ. ಅದರಂತೆ ೧೯೮೯ರ ‘ದ ಲಿಟಲ್ ಮರ್ಮೇಡ್’ ಚಿತ್ರದಲ್ಲಿ ಮತ್ಸ್ಯಕನ್ಯೆಯು ಮನುಷ್ಯರ ಲೋಕವನ್ನು ಬಯಸಿ ಹಾಡುವಳು.

ಪರೀಕ್ಷಾಪ್ರದರ್ಶನದಲ್ಲಿ, ಇನ್ನೂ ಬಣ್ಣವೇರದ ಆ ಭಾಗವನ್ನು ನೋಡಿದ ಮಕ್ಕಳು ಚಡಪಡಿಸತೊಡಗಿದರು. ಹಾಡನ್ನು ತೆಗೆಯಬೇಕೆಂದು ಸಂಸ್ಥೆಯ ಮುಖ್ಯಸ್ಥರಲ್ಲೊಬ್ಬರಾದ ಜೆಫ್ರಿ ಕಾಟ್ಸೆನ್‌ಬರ್ಗರು ಹೇಳಿದರು. ಆಗ ನಿರ್ದೇಶಕರಿಬ್ಬರೂ ಐವತ್ತು ವರುಷಗಳ ಹಿಂದಿನ ಡೊರೋತಿಯ ಹಾಡಿನ ಗತಿಯನ್ನು ಅವರಿಗೆ ನೆನಪಿಸಿದರು. ಚಿತ್ರಕಾರ ಗ್ಲೆನ್ ಕೀನರು ಕೆಲಸವು ಮುಗಿಯುವ ವರೆಗಾದರೂ ತಾಳಬೇಕೆಂದು ಬೇಡಿಕೊಂಡರು. ಬಣ್ಣ ತುಂಬಿ ಪೂರ್ತಿಗೊಳಿಸಿ ಎರಡನೆಯ ಸಾರಿ ತೋರಿಸಿದಾಗ ಬೇರೆ ಮಕ್ಕಳು ಅದನ್ನು ಮೆಚ್ಚಿಕೊಂಡರು, ಹಾಡು ಉಳಿಯಿತು. ಇಲ್ಲಿ ಒಂದು ಸೂಕ್ಷ್ಮವುಂಟು. ಮುಂದೆ ಈ ಹುಡುಗಿ ಕಳೆದುಕೊಳ್ಳುವುದು ತನ್ನ ಕಂಠವನ್ನೇ. ಮೊದಲು ಆ ಕಂಠವನ್ನು ಮನಸಾರ ಕೇಳದವರಿಗೆ ಅದು ಕಳೆದುಹೋದುದರ ದುಃಖವು ತಟ್ಟುವುದಾದರೂ ಹೇಗೆ?

ಆಶ್‌ಮನ್ನರು ಏಡ್ಸ್ ರೋಗದಿಂದ ಬಳಲುತ್ತಲೇ ಮುಂದಿನ ಚಿತ್ರವಾದ ‘ಬ್ಯೂಟಿ ಎಂಡ್ ದ ಬೀಸ್ಟ್’ಗೆ ಹಾಡುಗಳನ್ನು ಬರೆದರು, ಚಿತ್ರಮಂಡಲಿಯವರು ಆತನಿದ್ದಲ್ಲಿಗೇ ಹೋಗಿ ಕೆಲಸಮಾಡಿದರು. ೧೯೯೧ನೆಯ ಮಾರ್ಚ್ ೧೪ರಂದು, ಚಿತ್ರವು ಮುಗಿಯುವ ಮೊದಲೇ, ನಾಲ್ವತ್ತನೆಯ ವಯಸ್ಸಿನಲ್ಲಿ ಆತನು ತೀರಿಕೊಂಡನು. ಶ್ರೇಷ್ಠ ಚಿತ್ರದ ಅಕಾಡೆಮಿ ಪಾರಿತೋಷಕಕ್ಕೆ ಹೆಸರಿಸಲ್ಪಟ್ಟ ಮೊದಲನೆಯ ಬರೆದ ಚಿತ್ರವು ಅದೇ. ಅದರ ಹಾಡಿಗೆ ಬಂದ ಪಾರಿತೋಷಕವು ಆತನ ಮರಣಾನಂತರ ಸಲ್ಲಿತು.

೬. ಹಾಡು ಕಥೆಯನ್ನೇ ತಿದ್ದಿದ್ದು

ಕಡೆಯ ಮೈಲುಗಲ್ಲು ೨೦೧೩ರ ‘ಫ್ರೋಜನ್’. ಮೊದಲಿನ ಕರಡಿನಲ್ಲಿ ಹಿಮದ ರಾಣಿ ಎಲ್ಸಾ ದುಷ್ಟಳಾಗಿದ್ದಳು. ಕ್ರಿಸ್ಟೆನ್ ಆಂಡರ್ಸನ್ ಲೋಪೆಜ್ ಹಾಗೂ ರಾಬರ್ಟ್ ಲೋಪೆಜ್ ಎಂಬ ದಂಪತಿಗಳು ಅವಳ ಒಳಗಿನ ಭಯವನ್ನೂ ಬಿಡುಗಡೆಯನ್ನೂ ಹಾಡಾಗಿ ಬರೆದು ಕಳುಹಿಸಿದರು. ಅದನ್ನು ಕೇಳಿದ ಮೇಲೆ ಇಂಥವಳನ್ನು ದುಷ್ಟಳೆಂದು ತೋರಿಸುವುದು ಸಾಧ್ಯವಿಲ್ಲವೆಂದು ಕಥೆಯನ್ನೇ ಬದಲಾಯಿಸಿದರು. ಕಥೆಯನ್ನು ಬರೆದು, ಕ್ರಿಸ್ ಬಕ್ಕರೊಡನೆ ನಿರ್ದೇಶಿಸಿದ ಜೆನಿಫರ್ ಲೀಯವರು ಡಿಸ್ನಿ ಸ್ಟುಡಿಯೋದ ಪೂರ್ಣ ಪ್ರಮಾಣದ ಬರೆದ ಚಿತ್ರವೊಂದನ್ನು ನಿರ್ದೇಶಿಸಿದ ಮೊದಲನೆಯ ಮಹಿಳೆ. ಒಂದು ಹಾಡು ಒಬ್ಬ ಹೆಣ್ಣುಮಗಳ ಮೇಲಿನ ತೀರ್ಪನ್ನು ಹೀಗೆ ತಿದ್ದಿತು.

ಇದರಿಂದ ನಾವು ತಿಳಿಯತಕ್ಕದ್ದೇನು?

ಮಾನ್ಯ ಪೋಷಕರೇ, ಎರಡು ಸಾರಿ ಕತ್ತರಿಯನ್ನು ಹಿಡಿದವರು ಮೂಢರಲ್ಲ. ಕಥೆಯು ಬೇಗನೆ ಮುಂದೆ ಹೋಗಲೆಂಬುದೇ ಅವರ ಸದುದ್ದೇಶವಾಗಿತ್ತು. ಮಕ್ಕಳ ಪರೀಕ್ಷೆಯ ವಿಷಯದಲ್ಲಿ ನಮ್ಮೆಲ್ಲರ ಉದ್ದೇಶವೂ ಅದೇ. ಆದರೆ ಹುಡುಗಿಯು ತನಗೆ ಬೇಕಾದುದನ್ನು ತನ್ನ ಬಾಯಿಂದ ಹೇಳುವ ಆ ಮೂರು ನಿಮಿಷವನ್ನು ತೆಗೆದುಬಿಟ್ಟರೆ, ಉಳಿದ ಓಟವು ಯಾರದು, ಎಲ್ಲಿಗೆ ಎಂಬುದೇ ತಿಳಿಯದೆ ಹೋಗುವುದೆಂದು ಈ ಚರಿತ್ರೆಯು ಸಾಕ್ಷಿಹೇಳುತ್ತದೆ.

ಇನ್ನು ಮುಂದೆ ಮಕ್ಕಳೊಡನೆ ಚಿತ್ರವನ್ನು ನೋಡುವಾಗ ಮೂರು ಪ್ರಶ್ನೆಗಳನ್ನು ಕೇಳಿರಿ: ಈ ಹಾಡಿಗೆ ಮೊದಲು ನಮಗೆ ತಿಳಿಯದಿದ್ದ ಯಾವ ಸಂಗತಿಯು ಹಾಡಾದ ಮೇಲೆ ತಿಳಿಯಿತು? ಇದನ್ನು ತೆಗೆದರೆ ಕಥೆಗೆ ಯಾವ ಕುಂದು? ಹಾಡಿದವರ ಹೆಸರೇನು? ಆಂಗ್ಲ ಚಿತ್ರವೇ ಆಗಬೇಕೆಂದಿಲ್ಲ. ಎಚ್. ಎಸ್. ವೆಂಕಟೇಶಮೂರ್ತಿಯವರ ಪದಗಳಿಗೆ ಸಿ. ಅಶ್ವತ್ಥರು ರಾಗ ಕೂಡಿಸಿದ ನಮ್ಮ ೧೯೯೩ರ ‘ಚಿನ್ನಾರಿ ಮುತ್ತ’ದಿಂದಲೇ ಆರಂಭಿಸಬಹುದು. ಆಮೇಲೆ, ನಿಮ್ಮ ಮಗಳು ಮನೆಯಲ್ಲಿ ಯಾವ ಹಾಡನ್ನು ಮತ್ತೆ ಮತ್ತೆ ಗುನುಗುತ್ತಾಳೆಂಬುದಕ್ಕೂ ಕಿವಿಗೊಡಿರಿ. ಬಾಯಿಬಿಟ್ಟು ಹೇಳಲಾರದ ಯಾವುದೋ ಒಂದು ಮಾತು ಅದರಲ್ಲಿ ಇದ್ದೀತು.