ಸರಾಸರಿ ಅಂಕದಲ್ಲಿ ಕಾಣದ ಮಕ್ಕಳು

ವಿದ್ಯಾರ್ಥಿವೇತನದ ಅರ್ಜಿಯೊಂದಿಗೆ ಬರುವ ಅಂಕಪಟ್ಟಿಯನ್ನು ಹೇಗೆ ಓದಬೇಕು? ದಾನಿಗಳಿಗೂ ಪೋಷಕರಿಗೂ ಈ ಚಿಕ್ಕ ಪಾಠ.

ನಾಯಕನಹಟ್ಟಿಯಂಥ ಪಟ್ಟಣದ ಸರ್ಕಾರಿ ಪ್ರಾಥಮಿಕ ಶಾಲೆಯ ಒಂದು ತರಗತಿಯಲ್ಲಿ 30 ಮಕ್ಕಳಿದ್ದಾರೆ ಎಂದುಕೊಳ್ಳಿ. 20 ಮಕ್ಕಳ ಸರಾಸರಿ 60 ಅಂಕ, ಉಳಿದ 10 ಮಕ್ಕಳದು 30. ಇಡೀ ತರಗತಿಯ ಸರಾಸರಿ 50. ‘ಪರವಾಗಿಲ್ಲ’ ಎನ್ನುತ್ತೇವೆ, ಆ 10 ಮಕ್ಕಳು ಕಣ್ಣಿಗೆ ಬೀಳುವುದೇ ಇಲ್ಲ.

ಅವರು ಏಕೆ ಹಿಂದುಳಿದರು? ಚಳ್ಳಕೆರೆ, ಮೊಳಕಾಲ್ಮುರು ಭಾಗದಲ್ಲಿ ಮನೆಯಲ್ಲಿ ಉರ್ದು, ತೆಲುಗು ಅಥವಾ ಲಂಬಾಣಿ ಮಾತಾಡುವ ಮಗು ಶಾಲೆಯಲ್ಲಿ ಕನ್ನಡದಲ್ಲಿ ಪರೀಕ್ಷೆ ಬರೆಯಬೇಕಾಗಬಹುದು. ಮಳೆ ಕೈಕೊಟ್ಟ ವರ್ಷ ತಂದೆ-ತಾಯಿ ಗುಳೆ ಹೋದರೆ ಹಾಜರಾತಿಯೂ ತಪ್ಪುತ್ತದೆ. ಇದು ದಡ್ಡತನವಲ್ಲ.

ಶಾಲೆಯನ್ನೇ ಬಿಟ್ಟವರಿಗೆ ಅಂಕಪಟ್ಟಿಯೂ ಇಲ್ಲ. ದೇಶದ 6ರಿಂದ 14 ವರ್ಷದ ಮುಸ್ಲಿಂ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಶಾಲೆಗೆ ಸೇರಿಲ್ಲ ಅಥವಾ ನಡುವೆಯೇ ಬಿಟ್ಟಿದ್ದಾರೆ ಎಂದು 2006ರಲ್ಲಿ ಸಾಚಾರ್ ಸಮಿತಿ ವರದಿ ಹೇಳಿತ್ತು.

ಅಲ್ಪಸಂಖ್ಯಾತರಿಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ 2022-23ರಿಂದ 9 ಮತ್ತು 10ನೇ ತರಗತಿಗೆ ಸೀಮಿತವಾಯಿತು. ಹೀಗಾಗಿ 8ನೇ ತರಗತಿವರೆಗಿನ ಮಕ್ಕಳಿಗೆ ದಾನಿಗಳ ನೆರವು ಮೊದಲಿಗಿಂತ ಹೆಚ್ಚು ಬೇಕಾಗಿದೆ.

ಪೋಷಕರೇ, ಅರ್ಜಿಯಲ್ಲಿ ಅಂಕದ ಜೊತೆಗೆ ಹಾಜರಾತಿ, ಮನೆಮಾತು, ಶಾಲೆ ತಪ್ಪಿದ ತಿಂಗಳುಗಳನ್ನೂ ಸಂಕೋಚವಿಲ್ಲದೆ ಬರೆಯಿರಿ. ದಾನಿಗಳೇ, ‘ಎಷ್ಟು ಅಂಕ?’ ಎನ್ನುವುದರ ಜೊತೆಗೆ ‘ಕಳೆದ ವರ್ಷ ಎಷ್ಟಿತ್ತು?’ ಎಂದೂ ಕೇಳಿ. 30ರಿಂದ 45ಕ್ಕೆ ಏರಿದ ಮಗುವೂ ನಿಮ್ಮ ನೆರವಿಗೆ ಅರ್ಹ.