ಘಟ್ಟದ ಏರಿನಲ್ಲಿ ಗೇರುಪೆಟ್ಟಿಗೆ ಏಕೆ ಕಾಯುತ್ತದೆ?

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಸೀಮೆಯಲ್ಲಿ ಮೋಟಾರು ನಡೆಸುವುದನ್ನು ಕಲಿತವನಿಗೆ ನಿಜವಾದ ಏರಿನ ಅನುಭವ ಆಗುವುದು ಕಡಿಮೆ. ಅಲ್ಲಲ್ಲಿ ದಿಣ್ಣೆಗಳು ಅಡ್ಡ ಬಂದರೂ ಹೆದ್ದಾರಿಯು ಬಹುಮಟ್ಟಿಗೆ ಬಯಲಿನಲ್ಲಿಯೇ ಸಾಗುತ್ತದೆ. ರಜೆಯ ದಿನಗಳಲ್ಲಿ ಗೋಕರ್ಣದ ಕಡಲತೀರಕ್ಕೆ ಹೊರಟರೂ ಹಾನಗಲ್ಲು, ಶಿರಸಿಗಳವರೆಗೆ ಹೆಚ್ಚಿನ ವ್ಯತ್ಯಾಸವಿಲ್ಲ. ಹಾವೇರಿಯೂ ಶಿರಸಿಯೂ ಸಮುದ್ರಮಟ್ಟದಿಂದ 550-600 ಮೀಟರುಗಳ ಆಸುಪಾಸಿನಲ್ಲಿ, ಸರಿಸುಮಾರು ಒಂದೇ ಎತ್ತರದಲ್ಲಿವೆ. ಶಿರಸಿಯನ್ನು ದಾಟಿದ ಮೇಲೆ ದೇವಿಮನೆ ಘಟ್ಟದಲ್ಲಿ ನೆಲವು ಥಟ್ಟನೆ ಕುಸಿದು ಕುಮಟೆಯ ಕರಾವಳಿಯನ್ನು ಸೇರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿಯು ಎತ್ತಿನ ಬಂಡಿಗಳಲ್ಲಿ ಘಟ್ಟವನ್ನಿಳಿದು ಕುಮಟೆಯ ಬಂದರಿಗೆ ಹೋಗುತ್ತಿತ್ತು. ಬೆಳೆದದ್ದು ಬಯಲುಸೀಮೆಯಲ್ಲಾದರೂ ಪೇಟೆಯಲ್ಲಿ ಆ ಹತ್ತಿಗೆ ‘ಕುಮಟಾ ಹತ್ತಿ’ ಎಂದೇ ಹೆಸರಾಯಿತು. ಮರಳಿ ಹತ್ತುವಾಗ ಎತ್ತುಗಳಿಗೆ ಎಲ್ಲಿ ದಣಿವಾರಿಸಬೇಕೆಂಬುದನ್ನು ಬಂಡಿಯವನು ಬಲ್ಲವನಾಗಿದ್ದನು. ದಣಿದ ಎತ್ತು ಕಣ್ಣಿಗೆ ಕಾಣುತ್ತದೆ. ದಣಿದ ಗೇರುಪೆಟ್ಟಿಗೆ ಕಾಣುವುದಿಲ್ಲ.

ಗೋಕರ್ಣದಿಂದ ಹಿಂದಿರುಗುವ ಕಾರೊಂದನ್ನು ಊಹಿಸಿಕೊಳ್ಳಿ. ಅದರಲ್ಲಿ ಐವರಿದ್ದಾರೆ, ಹಿಂಬದಿ ತುಂಬ ಸಾಮಾನಿದೆ, ಗೇರು ಸ್ವಯಂಚಾಲಿತವಾದದ್ದು. ಮುಂದೆ ಭಾರದ ಲಾರಿಯೊಂದು ತೆವಳುತ್ತಿದೆ. ಕಾರಿನವನು ಅದರ ಬೆನ್ನಿಗೇ ಅಂಟಿಕೊಂಡು, ಎಕ್ಸಲರೇಟರನ್ನು ಒತ್ತುವುದು, ಬಿಡುವುದು, ತಿರುವಿನಲ್ಲಿ ಲಾರಿ ನಿಂತಾಗ ಬ್ರೇಕನ್ನು ಮುಟ್ಟದೆ ಎಕ್ಸಲರೇಟರಿನಿಂದಲೇ ಕಾರನ್ನು ಏರಿನಲ್ಲಿ ತಡೆದಿರಿಸುವುದು, ಹೀಗೆ ಮಾಡುತ್ತ ಹತ್ತುತ್ತಾನೆ. ಅರ್ಧ ಘಟ್ಟದಲ್ಲಿ ಸುಟ್ಟ ಎಣ್ಣೆಯ ವಾಸನೆ ಬರುತ್ತದೆ. ಎಂಜಿನಿನ ನೀರಿನ ಉಷ್ಣತೆಯನ್ನು ತೋರಿಸುವ ಮುಳ್ಳು ಮಾತ್ರ ನಡುವಿನಲ್ಲಿಯೇ ನಿಂತಿದೆ! ಹಾಗಾದರೆ ಕಾದದ್ದು ಯಾವುದು?

ಇದನ್ನರಿಯಲು ಗೇರುಪೆಟ್ಟಿಗೆಯೊಳಗೆ ಇಣುಕಬೇಕು. ಎರಡು ವಿದ್ಯುತ್ ಫ್ಯಾನುಗಳನ್ನು ಎದುರುಬದುರಾಗಿರಿಸಿ ಒಂದನ್ನು ಮಾತ್ರ ತಿರುಗಿಸಿದರೆ, ಅದರ ಗಾಳಿಗೆ ಇನ್ನೊಂದೂ ಮೆಲ್ಲನೆ ತಿರುಗತೊಡಗುತ್ತದೆ. ಗಾಳಿಗೆ ಬದಲಾಗಿ ಎಣ್ಣೆಯನ್ನಿಟ್ಟು, ಎರಡನ್ನೂ ಒಂದೇ ಮುಚ್ಚಿದ ಚಿಪ್ಪಿನೊಳಗೆ ಕೂರಿಸಿದರೆ ಟಾರ್ಕ್ ಕನ್ವರ್ಟರ್ ಎಂಬ ಸಾಧನದ ಮೂಲರೂಪ ದೊರೆಯಿತು. ಎಂಜಿನು ತಿರುಗಿಸುವ ಭಾಗವು ಪಂಪು. ಎಣ್ಣೆಯ ಹೊಡೆತಕ್ಕೆ ತಿರುಗಿ ಗೇರುಗಳ ಮೂಲಕ ಚಕ್ರಗಳನ್ನು ನಡೆಸುವ ಭಾಗವು ಟರ್ಬೈನು. ಇವೆರಡರ ನಡುವಿನ ಸ್ಟೇಟರು ಎಂಬ ಮೂರನೆಯ ಭಾಗವು ಹಿಂದಿರುಗುವ ಎಣ್ಣೆಯ ದಿಕ್ಕನ್ನು ತಿದ್ದುವುದರಿಂದ, ಹೊರಡುವ ಗಳಿಗೆಯಲ್ಲಿ ತಿರುಗಿಸುವ ಬಲವು ಸುಮಾರು ಇಮ್ಮಡಿಯಾಗುತ್ತದೆ. ಜರ್ಮನಿಯ ಹರ್ಮನ್ ಫ್ಯೋಟಿಂಗರನು 1905ರಲ್ಲಿ ಇದಕ್ಕೆ ಪೇಟೆಂಟು ಪಡೆದದ್ದು ಕಾರಿಗಾಗಿ ಅಲ್ಲ, ಹಡಗಿಗಾಗಿ. ವೇಗವಾಗಿ ಸುತ್ತುವ ಉಗಿ ಟರ್ಬೈನಿಗೂ ನಿಧಾನವಾಗಿ ಸುತ್ತಬೇಕಾದ ಹಡಗಿನ ಪಂಖಕ್ಕೂ ನಂಟು ಕಲ್ಪಿಸುವುದು ಅವನ ಉದ್ದೇಶವಾಗಿತ್ತು. ಅಮೆರಿಕದ ಬ್ಯೂಯಿಕ್ ಕಾರುಗಳಲ್ಲಿ ಇದು 1948ರಲ್ಲಿ ಬಂದಿತು.

ಪಂಪೂ ಟರ್ಬೈನೂ ಒಂದನ್ನೊಂದು ಮುಟ್ಟುವುದಿಲ್ಲವಾದ್ದರಿಂದ ಟರ್ಬೈನು ಯಾವಾಗಲೂ ಅಷ್ಟಿಷ್ಟು ಹಿಂದೆ ಬೀಳುತ್ತದೆ. ಇದನ್ನು ಜಾರಿಕೆ ಎನ್ನೋಣ. ಜಾರಿಕೆಯಲ್ಲಿ ನಷ್ಟವಾದ ಶಕ್ತಿ ಎಲ್ಲಿಗೆ ಹೋಯಿತು? ಭೌತಶಾಸ್ತ್ರದ ವಿದ್ಯಾರ್ಥಿಗಳು ಜೂಲನ ಪ್ರಯೋಗವನ್ನು ನೆನೆಯಬಹುದು. 1840ರ ದಶಕದಲ್ಲಿ ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೂಲನು ಪಾತ್ರೆಯ ನೀರನ್ನು ಹುಟ್ಟುಗಳಿಂದ ಕಡೆದು, ಮಾಡಿದ ಕೆಲಸಕ್ಕೆ ಸರಿಯಾಗಿ ನೀರು ಬಿಸಿಯಾಗುವುದನ್ನು ಅಳೆದು ತೋರಿಸಿದನು. ಏರಿನಲ್ಲಿ ನಿಂತ ಕಾರಿನ ಟಾರ್ಕ್ ಕನ್ವರ್ಟರು ಜೂಲನ ಪಾತ್ರೆಯೇ ಸರಿ. ಟರ್ಬೈನು ನಿಂತಿದೆ, ಪಂಪು ಕಡೆಯುತ್ತಿದೆ. ಪಂಪಿಗೆ ಬಂದ ಶಕ್ತಿಯೆಲ್ಲವೂ ಎಣ್ಣೆಯ ಶಾಖವಾಗಿಬಿಡುತ್ತದೆ.

ಇದು ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡೋಣ. ಜನರೂ ಸಾಮಾನೂ ಸೇರಿ ಕಾರಿನ ತೂಕ 1500 ಕಿಲೋಗ್ರಾಂ. ಏರು ಹತ್ತು ಮೀಟರಿಗೆ ಒಂದು ಮೀಟರು. ಕಾರು ಹಿಂದಕ್ಕೆ ಉರುಳದಂತೆ ತಡೆಯಲು ಬೇಕಾದ ಬಲ ಸುಮಾರು 1500 ನ್ಯೂಟನ್. ಚಕ್ರದ ತ್ರಿಜ್ಯ 0.3 ಮೀಟರು, ಮೊದಲ ಗೇರಿನಲ್ಲಿ ಒಟ್ಟು ಅನುಪಾತ 14, ಕನ್ವರ್ಟರಿನ ವರ್ಧನೆ 2 ಎಂದಿಟ್ಟುಕೊಂಡರೆ ಎಂಜಿನು ಒದಗಿಸಬೇಕಾದ ಟಾರ್ಕು 16 ನ್ಯೂಟನ್-ಮೀಟರು. ಎಂಜಿನು ನಿಮಿಷಕ್ಕೆ 1200 ಸುತ್ತು ಸುತ್ತುತ್ತಿದ್ದರೆ ಶಾಖವಾಗುವ ಶಕ್ತಿಯು ಸುಮಾರು 2 ಕಿಲೋವಾಟ್, ಅಂದರೆ ಬಚ್ಚಲುಮನೆಯ ಗೀಸರಿನಷ್ಟು! ಎಣ್ಣೆಯಾದರೋ ಆರೇಳು ಲೀಟರು ಮಾತ್ರ, ಮೇಲಾಗಿ ಅದರ ವಿಶಿಷ್ಟ ಶಾಖವು ನೀರಿನ ಅರ್ಧದಷ್ಟು. ತಂಪಾಗುವ ದಾರಿಯಿಲ್ಲದಿದ್ದರೆ ಅದು ನಿಮಿಷಕ್ಕೆ ಸುಮಾರು 10 ಡಿಗ್ರಿಯಂತೆ ಏರಬೇಕು. ಅದೇ ಕಾರನ್ನು ಬ್ರೇಕಿನಿಂದ ತಡೆದು ಎಕ್ಸಲರೇಟರಿನಿಂದ ಕಾಲು ತೆಗೆದರೆ, ಉಳಿಯುವುದು ಎಂಜಿನಿನ ನಿರಾಳ ಓಟದ ಅಲ್ಪ ಶಾಖವಷ್ಟೆ. ಭಾರವೂ ಅದೇ, ಘಟ್ಟವೂ ಅದೇ. ಬದಲಾದುದು ಕಾಲಿನ ಸ್ಥಾನ ಮಾತ್ರ.

ಕಾರು ನಿಂತಿರದೆ ಹತ್ತುತ್ತಿರುವಾಗಲೂ ಜಾರಿಕೆಯೇ ಮುಖ್ಯ. ಇಲ್ಲಿ ಬಹುಜನರಿಗೆ ಒಂದು ತಪ್ಪು ಭಾವನೆಯಿದೆ. ಕೆಳಗಿನ ಗೇರಿಗೆ ಇಳಿಸಿದೊಡನೆ ಎಂಜಿನು ಗಟ್ಟಿಯಾಗಿ ಮೊರೆಯುವುದರಿಂದ ಯಂತ್ರಕ್ಕೆ ಕಷ್ಟವಾಯಿತೆಂದು ಬಗೆದು, ಸದ್ದಿಲ್ಲದೆ ಮೇಲಿನ ಗೇರಿನಲ್ಲಿಯೇ ಎಳೆಸುತ್ತಾರೆ. ನಿಜಸ್ಥಿತಿ ಇದಕ್ಕೆ ವಿರುದ್ಧವಾದದ್ದು. ಎಣ್ಣೆಯು ಒಯ್ಯಬಲ್ಲ ಟಾರ್ಕು ಪಂಪಿನ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ವೇಗವು ಇಮ್ಮಡಿಯಾದರೆ ಈ ಸಾಮರ್ಥ್ಯ ನಾಲ್ಮಡಿ. ಮೇಲಿನ ಗೇರಿನಲ್ಲಿ ಟರ್ಬೈನಿನಿಂದ ಹೆಚ್ಚು ಟಾರ್ಕು ಬೇಕು, ಆದರೆ ಅದನ್ನು ಸಾಗಿಸಲು ಪಂಪಿನ ವೇಗ ಸಾಲದು. ಆದುದರಿಂದ ಜಾರಿಕೆ ಹೆಚ್ಚುತ್ತದೆ. ಕೆಳಗಿನ ಗೇರಿನಲ್ಲಿ ಬೇಕಾದ ಟಾರ್ಕು ಕಡಿಮೆ, ಪಂಪಿನ ವೇಗ ಹೆಚ್ಚು. ಎರಡು ಭಾಗಗಳೂ ಸರಿಸುಮಾರಾಗಿ ಜೊತೆಯಲ್ಲಿಯೇ ತಿರುಗುತ್ತವೆ. ಹದಿನಾರಕ್ಕೆ ಒಂದರಂತಿರುವ ಏರನ್ನು ನಮ್ಮ ಕಾರು ಗಂಟೆಗೆ 30 ಕಿಲೋಮೀಟರಿನಂತೆ ಹತ್ತಲು ಸುಮಾರು 9 ಕಿಲೋವಾಟ್ ಬೇಕು. ಕನ್ವರ್ಟರಿನ ದಕ್ಷತೆ ನೂರಕ್ಕೆ 80 ಆಗಿದ್ದರೆ ಎರಡು ಕಿಲೋವಾಟಿಗೂ ಮಿಕ್ಕಿ ಎಣ್ಣೆಗೆ ಹೋಗುತ್ತದೆ. ದಕ್ಷತೆ 90ಕ್ಕೆ ಏರಿದರೆ ಒಂದೇ ಕಿಲೋವಾಟ್. ಎಂಜಿನಿನ ಮೊರೆತವನ್ನು ಕೇಳಿ ಅಂಜುವ ಚಾಲಕನು ಸದ್ದಿಲ್ಲದೆ ಕಾಯುವ ಎಣ್ಣೆಯನ್ನು ಮರೆತುಬಿಡುತ್ತಾನೆ.

ಈಚಿನ ಕಾರುಗಳ ಕನ್ವರ್ಟರುಗಳಲ್ಲಿ ಬೀಗವೆನ್ನಬಹುದಾದ ಒಂದು ಕ್ಲಚ್ಚು ಇರುತ್ತದೆ. ಓಟವು ಒಂದೇ ಹದದಲ್ಲಿರುವಾಗ ಅದು ಪಂಪನ್ನೂ ಟರ್ಬೈನನ್ನೂ ಬೆಸೆದು ಜಾರಿಕೆಯನ್ನು ಇಲ್ಲವೆನ್ನುವಷ್ಟು ಇಳಿಸುತ್ತದೆ. ಆದರೆ ಕಾಲು ಎಕ್ಸಲರೇಟರಿನ ಮೇಲೆ ಕುಣಿಯುತ್ತಿದ್ದರೆ ಬೀಗವು ಮತ್ತೆ ಮತ್ತೆ ಬಿಚ್ಚಿಕೊಳ್ಳುತ್ತದೆ; ಗೇರುಗಳು ಎರಡರಿಂದ ಮೂರಕ್ಕೆ, ಮೂರರಿಂದ ಎರಡಕ್ಕೆ ತಡಕಾಡುತ್ತವೆ. ಪ್ರತಿಯೊಂದು ಬದಲಾವಣೆಯಲ್ಲಿಯೂ ಕ್ಲಚ್ಚಿನ ಬಿಲ್ಲೆಗಳು ಉಜ್ಜಿಕೊಂಡು ಮತ್ತಷ್ಟು ಶಾಖವನ್ನು ಕೂಡಿಸುತ್ತವೆ. ಲಾರಿಗೂ ತನಗೂ ನಡುವೆ ಅಂತರ ಬಿಟ್ಟು, ಕೆಳಗಿನ ಗೇರೊಂದನ್ನು ತಾನೇ ಆರಿಸಿಕೊಂಡು, ಕಾಲನ್ನು ಒಂದೇ ಹದದಲ್ಲಿಟ್ಟವನ ಎಣ್ಣೆಗೆ ಈ ಪಾಡಿಲ್ಲ.

ಎಣ್ಣೆಯನ್ನು ತಣಿಸುವ ಏರ್ಪಾಡು ಇದ್ದೇ ಇದೆ. ಬಹುತೇಕ ಕಾರುಗಳಲ್ಲಿ ಅದು ಎಂಜಿನಿನ ನೀರಿಗೆ ತನ್ನ ಶಾಖವನ್ನು ಒಪ್ಪಿಸುತ್ತದೆ. ಆ ನೀರೇ 90 ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರ ಇರುವಾಗ ಎಣ್ಣೆ ಅದಕ್ಕಿಂತ ಕೆಳಗಿಳಿಯಲಾರದು. ತೆವಳುವ ಕಾರಿಗೆ ಎದುರುಗಾಳಿಯ ನೆರವೂ ಇಲ್ಲ. ಸಾಮಾನ್ಯವಾಗಿ ಎಣ್ಣೆಯ ಹಿತವಾದ ಉಷ್ಣತೆ 80ರಿಂದ 95 ಡಿಗ್ರಿ. 120 ಡಿಗ್ರಿಯನ್ನು ಮೀರಿ ಬಹುಕಾಲ ಇದ್ದರೆ ಅದು ಗಾಳಿಯ ಆಮ್ಲಜನಕದೊಡನೆ ಬೇಗಬೇಗನೆ ಸಂಯೋಗಗೊಂಡು ಕಪ್ಪಾಗುತ್ತದೆ. ಉಷ್ಣತೆಯು 10 ಡಿಗ್ರಿ ಏರಿದರೆ ಈ ಕ್ರಿಯೆಯ ವೇಗ ಇಮ್ಮಡಿಯಾಗುವುದೆಂಬುದು ಸ್ಥೂಲವಾದ ಲೆಕ್ಕ. ರಬ್ಬರಿನ ಸೀಲುಗಳು ಬಿರುಸಾಗಿ ಎಣ್ಣೆ ಸೋರುತ್ತದೆ, ಒತ್ತಡ ಕುಗ್ಗುತ್ತದೆ, ಬಿಲ್ಲೆಗಳು ಹಿಡಿತ ತಪ್ಪಿ ಜಾರುತ್ತವೆ. ಜಾರಿದಷ್ಟೂ ಶಾಖ, ಶಾಖವಾದಷ್ಟೂ ಜಾರಿಕೆ. ಒಂದು ರಜೆಯ ಪಯಣದಲ್ಲಿ ಇದೆಲ್ಲ ಆಗಲಿಕ್ಕಿಲ್ಲ. ಆದರೆ ಕಪ್ಪಾದ ಎಣ್ಣೆ ಮತ್ತೆ ಕೆಂಪಾಗುವುದಿಲ್ಲ. ಹಿಂದಿನ ಪ್ರಯಾಣದ ಸಾಲವನ್ನು ಮುಂದಿನ ಪ್ರಯಾಣ ತೀರಿಸಬೇಕಾಗುತ್ತದೆ.

ಭಾರತದಲ್ಲಿ 2014ರ ಮಾರುತಿ ಸೆಲೆರಿಯೋ ಕಾರಿನೊಡನೆ ಬಳಕೆಗೆ ಬಂದ ಎಎಂಟಿ ಎಂಬ ಅಗ್ಗದ ಬಗೆಯಲ್ಲಿ ಟಾರ್ಕ್ ಕನ್ವರ್ಟರೇ ಇಲ್ಲ. ಹಳೆಯ ಕ್ಲಚ್ಚನ್ನೇ ಕಾಲಿಗೆ ಬದಲಾಗಿ ಯಂತ್ರವು ಒತ್ತಿ ಬಿಡುತ್ತದೆ. ಅದನ್ನು ಏರಿನಲ್ಲಿ ಎಕ್ಸಲರೇಟರಿನಿಂದ ತಡೆದಿರಿಸಿದರೆ ಶಾಖವನ್ನು ಹಂಚಿಕೊಳ್ಳಲು ಎಣ್ಣೆಯೂ ಇಲ್ಲದೆ ಒಣ ಬಿಲ್ಲೆಯೇ ಉರಿಯಬೇಕು. ಇಂಥ ಕಾರಿನವರು ಇನ್ನೂ ಹೆಚ್ಚು ಎಚ್ಚರದಿಂದಿರಬೇಕು.

ಟಾರ್ಕ್ ಕನ್ವರ್ಟರಿನ ಕಾರಿನಲ್ಲಿ ಎಚ್ಚರಿಕೆಯ ದೀಪ ಹೊತ್ತಿಕೊಂಡಿತೆನ್ನೋಣ. ಎಂಜಿನಿನ ನೀರು ಕುದಿಯದಿದ್ದಲ್ಲಿ ಅದನ್ನು ಒಡನೆಯೇ ಆರಿಸುವುದು ತರವಲ್ಲ. ಎಂಜಿನು ನಿಂತರೆ ಎಣ್ಣೆಯನ್ನು ತಿರುಗಿಸುವ ಪಂಪೂ ನಿಂತು, ಕಾದ ಎಣ್ಣೆ ಇದ್ದಲ್ಲಿಯೇ ಉಳಿಯುತ್ತದೆ. ರಸ್ತೆಯ ಪಕ್ಕದ ಸುರಕ್ಷಿತ ಜಾಗದಲ್ಲಿ ನಿಂತು, ಕೈಬ್ರೇಕನ್ನು ಎಳೆದು, ಗೇರನ್ನು ‘ಪಿ’ ಸ್ಥಾನಕ್ಕೆ ತಂದು ಎಂಜಿನನ್ನು ಕೆಲವು ನಿಮಿಷ ಸುಮ್ಮನೆ ಓಡಗೊಡಬೇಕು. ಟರ್ಬೈನಿಗೆ ಆಗ ಹೊರೆಯಿಲ್ಲ, ಜಾರಿಕೆಯಿಲ್ಲ. ಎಣ್ಣೆಯು ತಣಿಸುವ ಕೊಳವೆಗಳಲ್ಲಿ ಹರಿಯುತ್ತಲೇ ಇರುತ್ತದೆ. ದೀಪ ಹೊತ್ತದೆಯೇ ಘಟ್ಟದ ತಲೆಯನ್ನು ಮುಟ್ಟಿದವರಿಗೆ ನಿಲ್ಲುವ ಅಗತ್ಯವೂ ಇಲ್ಲ. ಅಲ್ಲಿಂದ ಶಿರಸಿಯವರೆಗೆ ಕಾಡಿನ ನಡುವಿನ ದಾರಿಯಲ್ಲಿ ಏರು ಸಡಿಲಗೊಳ್ಳುತ್ತದೆ, ಕನ್ವರ್ಟರಿನ ಬೀಗ ಬೀಳುತ್ತದೆ, ಎದುರುಗಾಳಿಯೂ ಬೀಸುತ್ತದೆ. ಪೇಟೆಯನ್ನು ಸೇರುವಷ್ಟರಲ್ಲಿ ಎಣ್ಣೆಯು 90 ಡಿಗ್ರಿಯ ಆಸುಪಾಸಿಗೆ ಮರಳಿರುತ್ತದೆ.